ಚೀಟಿಯಲ್ಲಿ ಬರುವ ವರ್ಷ

ಡಿಸೆಂಬರ್ 31ರ ರಾತ್ರಿ ಊರೆಲ್ಲ ಪಟಾಕಿ, ಕೇಕು, ಮೋಟರ್‌ಸೈಕಲ್ಲುಗಳ ಗದ್ದಲದಲ್ಲಿ ಮುಳುಗಿರುವಾಗ ನಮ್ಮಂಥ ಒಂದಿಷ್ಟು ಜನ ದೇವಾಲಯದ ಬೆಂಚಿನ ಮೇಲೆ ಶಾಲು ಹೊದ್ದು, ಆಕಳಿಕೆ ತಡೆಯುತ್ತ ಕೂತಿರುತ್ತೇವೆ. ಧಾರವಾಡದ ಚಳಿ ಆ ಹೊತ್ತಿಗೆ ಬೆಂಚಿನ ಕಟ್ಟಿಗೆಯೊಳಗೂ ಇಳಿದಿರುತ್ತದೆ. ಇದಕ್ಕೆ ವಾಚ್ ನೈಟ್ ಎಂದು ಹೆಸರು. ಆ ವರ್ಷ ತೀರಿಕೊಂಡವರ ಹೆಸರು ಓದುತ್ತಾರೆ, ಹುಟ್ಟಿದ ಮಕ್ಕಳ ಹೆಸರು ಓದುತ್ತಾರೆ. ಸಭಾಪಾಲಕರು ಕೈಗಡಿಯಾರ ನೋಡಿಕೊಳ್ಳುತ್ತ ಪ್ರಸಂಗವನ್ನು ಹನ್ನೆರಡರೊಳಗೆ ಮುಗಿಸಬೇಕು. ಅವರು ಮುಗಿಸದಿದ್ದರೆ ಹೊರಗಿನ ಪಟಾಕಿಯೇ ಮುಗಿಸುತ್ತದೆ.

ಈ ಜಾಗರಣೆಯನ್ನು ಮೆಥೋಡಿಸ್ಟರಿಗೆ ಕಲಿಸಿದವರು ದೊಡ್ಡ ಭಕ್ತರೇನಲ್ಲ, ಇಂಗ್ಲೆಂಡಿನ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯ ಕೂಲಿಗಳು. ಶನಿವಾರದ ರಾತ್ರಿಯನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದವರು 18ನೇ ಶತಮಾನದಲ್ಲಿ ಮೆಥೋಡಿಸ್ಟ್ ಗುರು ಜಾನ್ ವೆಸ್ಲಿಯ ಬೋಧನೆ ಕೇಳಿ ಅದೇ ಹೊತ್ತನ್ನು ಪ್ರಾರ್ಥನೆಗೆ ಕೊಟ್ಟರು. ವೆಸ್ಲಿಗೆ ಇದು ಹಿಡಿಸಿತು. ತಿಂಗಳಿಗೊಮ್ಮೆ, ಹುಣ್ಣಿಮೆಗೆ ಹತ್ತಿರದ ಶುಕ್ರವಾರ ಇಟ್ಟುಕೊಳ್ಳಿ ಎಂದ. ನಡುರಾತ್ರಿ ಮನೆಗೆ ನಡೆಯುವವರಿಗೆ ಬೆಳದಿಂಗಳು ಬೇಕಲ್ಲ! ವರ್ಷದ ಕೊನೆಯ ರಾತ್ರಿಗೆ ಅದು ಗಂಟುಬಿದ್ದದ್ದು ಆಮೇಲೆ. ಈಗ ನಮಗೆ ಬೆಳದಿಂಗಳಿನ ಹಂಗಿಲ್ಲ, ಆಟೋ ಸಿಗಬೇಕು ಅಷ್ಟೆ.

ಹನ್ನೆರಡು ಹೊಡೆದು, ಗಂಟೆ ಬಾರಿಸಿ, ಕೈ ಕುಲುಕುವುದೆಲ್ಲ ಮುಗಿದ ಮೇಲೆ ಎಲ್ಲರ ಕಣ್ಣೂ ಹೋಗುವುದು ವೇದಿಯ ಪಕ್ಕದ ಸ್ಟೀಲ್ ತಟ್ಟೆಯ ಕಡೆಗೆ. ಅದರಲ್ಲಿ ಬೀಡಿಯಷ್ಟು ಸಣ್ಣಗೆ ಸುರುಳಿ ಸುತ್ತಿದ ಚೀಟಿಗಳು. ಒಂದೊಂದರಲ್ಲೂ ಸತ್ಯವೇದದ ಒಂದು ವಚನ. ನಮ್ಮ ಕೈಗೆ ಬಂದದ್ದೇ ನಮಗೆ ಆ ವರ್ಷದ ವಾಗ್ದಾನ. ಅದನ್ನು ಹಿಡಿದುಕೊಂಡು ಮುಂದಿನ ಡಿಸೆಂಬರಿನ ತನಕ ನಡೆಯಬೇಕು.

ಎತ್ತುವುದರಲ್ಲಿ ಒಬ್ಬೊಬ್ಬರದೂ ಒಂದೊಂದು ರೀತಿ. ಕಣ್ಣು ಮುಚ್ಚಿ ಎತ್ತುವವರು ನಿಜವಾದ ವಿಶ್ವಾಸಿಗಳು, ಅಥವಾ ಹಾಗೆ ಕಾಣಬೇಕೆನ್ನುವವರು. ತಳದಿಂದ ಎತ್ತುವವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಮೇಲಿನದೆಲ್ಲ ಯಾರೋ ನೋಡಿಟ್ಟದ್ದು ಎಂದು ಅವರಿಗೆ ಅನುಮಾನ. ಹುಡುಗರು ಎರಡು ಎತ್ತಿ, ಕಂಬದ ಮರೆಗೆ ಹೋಗಿ ಎರಡನ್ನೂ ಓದಿ, ಚೆನ್ನಾಗಿದ್ದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ತಟ್ಟೆಗೆ ಮರಳಿಸುತ್ತಾರೆ. ಮದುವೆ ಆಗಬೇಕಾದ ಹುಡುಗಿಯ ತಾಯಿ ಮಗಳ ಚೀಟಿಯನ್ನು ತಾನೇ ಮೊದಲು ಓದುತ್ತಾಳೆ. ಪ್ರಾರ್ಥನೆ ಮಾಡಿಯೇ ಎತ್ತಬೇಕೆಂಬ ನಿಯಮವನ್ನು ಮಾತ್ರ ಎಲ್ಲರೂ ಪಾಲಿಸುತ್ತಾರೆ. ಏನು ಪ್ರಾರ್ಥನೆ? ನಾನು ಕೇಳಿದ ಮಟ್ಟಿಗೆ ಎಲ್ಲರದೂ ಒಂದೇ: ಸ್ವಾಮಿ, ಒಳ್ಳೆಯದು ಬರಲಿ.

ನಮ್ಮ ಅವ್ವನಿಗೆ ಈ ಪ್ರಾರ್ಥನೆ ಕಂಡರೆ ಆಗುತ್ತಿರಲಿಲ್ಲ. "ದೇವರ ಮಾತು ಬೇಕೋ ನಿಮಗ, ದೇವರ ಬಾಯಾಗ ನಿಮ್ಮ ಮಾತು ಬೇಕೋ?" ಎನ್ನುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಚೀಟಿ ಎತ್ತಿ ನಮ್ಮಲ್ಲಿ ಒಬ್ಬರ ಕೈಗೆ ಕೊಟ್ಟು, ಓದಿಸಿ, ಮತ್ತೊಮ್ಮೆ ಓದಿಸಿ, ಮಡಚಿ ಕುಬಸದೊಳಗೆ ಇಟ್ಟುಕೊಳ್ಳುತ್ತಿದ್ದಳು. ವರ್ಷದ ನಡುವೆ ಹೊತ್ತಲ್ಲದ ಹೊತ್ತಿನಲ್ಲಿ, ರೊಟ್ಟಿ ಬಡಿಯುವಾಗಲೋ ಅಕ್ಕಿ ಆರಿಸುವಾಗಲೋ, "ಅದೇನಿತ್ತಪಾ ನಂದು, ಇನ್ನೊಮ್ಮಿ ಹೇಳು" ಎಂದು ಕೇಳುವಳು. ನಮ್ಮ ಚೀಟಿಗಳು ಅಷ್ಟರಲ್ಲಿ ಎಲ್ಲಿ ಹೋಗಿರುತ್ತಿದ್ದವೋ!

ಈಗ ಚೀಟಿಯ ಕಾಲವೂ ಹಿಂದಾಗುತ್ತಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಪೂರ್ತಿ ವಚನವೇ ಬೇಡ, ಒಂದು ಪದ ಸಾಕು. ಅಮೆರಿಕದ ಚರ್ಚುಗಳ ಜನ ಹೊಸ ವರ್ಷದ ಸಂಕಲ್ಪಗಳ ಪಟ್ಟಿ ಬರೆದು ಬರೆದು ಬೇಸತ್ತು, ಪಟ್ಟಿಯ ಬದಲು ಒಂದೇ ಪದ ಹಿಡಿಯುವ ರೂಢಿ ಮಾಡಿಕೊಂಡಿದ್ದಾರೆ. ಮೊಬೈಲಿನ ದಾರಿಯಲ್ಲಿ ಅದು ನಮ್ಮ ಹುಡುಗರಿಗೂ ಬಂದಿದೆ. ಡಿಸೆಂಬರ್ ಇಡೀ ಇವಳು ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡುತ್ತಾಳೆ, ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆದುಕೊಳ್ಳುತ್ತಾಳೆ, ಒಂದೊಂದಾಗಿ ಹೊಡೆದುಹಾಕುತ್ತಾಳೆ. ಕೊನೆಗೆ ಉಳಿದದ್ದು ಆ ವರ್ಷದ ಪದ. ಹೋದ ವರ್ಷ 'ಬ್ಯಾಲೆನ್ಸ್' ಉಳಿದಿತ್ತು, ಈ ಸಲ 'ಬ್ರೇವ್'.

"ಬೇಡದ ಪದ ಒಂದೂ ಬರಲಿಲ್ಲೇನವಾ?" ಎಂದು ಕೇಳಿದೆ.

"ಪೇಶನ್ಸ್ ಅಂತ ಬಂದಿತ್ತು ಮಾಮಾ. ಮೂರ್ನಾಲ್ಕು ಸಲ ಬಂತು. ಅದನ್ನು ಇಟ್ಟುಕೊಂಡರೆ ನಮ್ಮ ಮ್ಯಾನೇಜರ್‌ಗೆ ಭಾಳ ಅನುಕೂಲ ಆಗತಿತ್ತು. ಹೊಡೆದುಹಾಕಿದೆ."

ನನಗೆ ನಗು ಬಂತು, ಅವಳಿಗೂ. ಆದರೂ ಒಂದು ಮಾತು ಒಪ್ಪಲೇಬೇಕು. ಅರೆನಿದ್ದೆಯಲ್ಲಿ ಕೈ ಹಾಕಿ ಎತ್ತುವ ನಮಗಿಂತ ತಿಂಗಳಿಡೀ ತನ್ನ ವರ್ಷವನ್ನು ತಿರುಗಿಸಿ ಮುರುಗಿಸಿ ನೋಡುವ ಈ ಹುಡುಗಿ ಹೆಚ್ಚು ಪ್ರಾಮಾಣಿಕಳು. ತೊಡಕು ಬೇರೆಡೆ ಇದೆ. ಹೊಡೆದುಹಾಕುವ ಪೆನ್ನು ನಮ್ಮ ಕೈಯಲ್ಲೇ ಇದ್ದರೆ ಕೊನೆಗೆ ಉಳಿಯುವುದು ನಮಗೆ ಮೊದಲಿನಿಂದ ಬೇಕಾಗಿದ್ದ ಪದವೇ. ಅದಕ್ಕೆ ಪ್ರಾರ್ಥನೆ ಯಾಕೆ? ಮೂರ್ನಾಲ್ಕು ಸಲ ತಾನಾಗಿ ಬಂದು ಬಾಗಿಲು ತಟ್ಟಿದ ಆ 'ಪೇಶನ್ಸ್' ಇದೆಯಲ್ಲ, ನನ್ನ ಅನುಮಾನ ಅದರ ಮೇಲೆಯೇ.

ನಮ್ಮ ಕಡೆ ಇಡೀ ನಾಡಿಗೆ ವರ್ಷದ ಮಾತು ಸಿಗುವ ಜಾಗ ಒಂದಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗಿದರೆ ಲಕ್ಷಗಟ್ಟಲೆ ಜನ ಗಪ್ಪಾಗುತ್ತಾರೆ. ಒಂದೇ ಸಾಲು, ಅದೇ ಕಾರಣಿಕ. ಅಷ್ಟು ಹೇಳಿ ಆತ ಬಿಲ್ಲಿನ ಮೇಲಿಂದ ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರು: ಮಳೆಗೆ ಹೇಳಿದ್ದೋ, ಜೋಳದ ಧಾರಣೆಗೆ ಹೇಳಿದ್ದೋ, ಮುಖ್ಯಮಂತ್ರಿಯ ಕುರ್ಚಿಗೆ ಹೇಳಿದ್ದೋ? ನಾನು ಮೈಲಾರ ದೇವರ ಒಕ್ಕಲಲ್ಲ. ಆದರೂ ಕಾರಣಿಕದ ಒಂದು ಗುಣ ನನಗೆ ಹಿಡಿಸುತ್ತದೆ. ಕೇಳುವವನಿಗೆ ಬೇಕಾದದ್ದನ್ನು ಅದು ಹೇಳಬೇಕೆಂದೇನೂ ಇಲ್ಲ. ಕೆಟ್ಟದ್ದು ಬಂದ ವರ್ಷವೂ ಜನ ಕೇಳಿ, ತಲೆ ಕೆರೆದುಕೊಂಡು, ಊರಿಗೆ ಹೋಗಿ ಬಿತ್ತುತ್ತಾರೆ.

ನಮ್ಮ ಚೀಟಿಯ ಹತ್ತಿರದ ಬಂಧು ಇರುವುದು ಜರ್ಮನಿಯಲ್ಲಿ. ಸ್ಯಾಕ್ಸನಿ ಪ್ರಾಂತದ ಹೆರ್ನ್‌ಹುಟ್ ಎಂಬ ಪುಟ್ಟ ಪಟ್ಟಣ. ಮೊರಾವಿಯಾದಿಂದ ಧರ್ಮದ ಕಾರಣಕ್ಕೆ ಓಡಿಬಂದವರು 1722ರಲ್ಲಿ ಕೌಂಟ್ ತ್ಸಿನ್ಸೆಂಡಾರ್ಫ್ ಎಂಬ ಜಮೀನುದಾರನ ನೆಲದಲ್ಲಿ ಕಟ್ಟಿಕೊಂಡ ಊರು ಅದು. 1728ರ ಮೇ 3ರ ಸಂಜೆ ಭಜನೆಯ ಹೊತ್ತಿನಲ್ಲಿ ಆತ ಮರುದಿನಕ್ಕೆಂದು ಒಂದು ಮಾತು ಕೊಟ್ಟ. ಅಂದಿನಿಂದ ದಿನಕ್ಕೊಂದು ಮಾತನ್ನು ಸಹೋದರರು ಮನೆಮನೆಗೆ ಮುಟ್ಟಿಸತೊಡಗಿದರು. ಇಡೀ ಊರಿಗೆ ಒಂದೇ ಮಾತು. ಗೌಡನ ಮನೆಗೊಂದು, ನೇಕಾರನ ಮನೆಗೊಂದು ಅಲ್ಲ. 1731ರಿಂದ ಅದು ವರ್ಷದ ಪುಸ್ತಕವಾಗಿ ಅಚ್ಚಾಗುತ್ತಿದೆ, ಒಂದು ವರ್ಷವೂ ತಪ್ಪಿಲ್ಲ. ಈಗಲೂ ಹೆರ್ನ್‌ಹುಟ್ಟಿನಲ್ಲಿ ಹಳೆಯ ಒಡಂಬಡಿಕೆಯ ಸುಮಾರು 1800 ವಚನಗಳ ಚೀಟಿಗಳನ್ನು ಬೋಗುಣಿಯಲ್ಲಿ ಹಾಕಿ, ದಿನಕ್ಕೊಂದರಂತೆ ಎತ್ತುತ್ತಾರೆ, ಅದೂ ಮೂರು ವರ್ಷ ಮೊದಲೇ. ಅಂದರೆ ಎತ್ತುವವರಿಗೆ ಆ ದಿನ ಯುದ್ಧವಿರುತ್ತದೋ ಹಬ್ಬವಿರುತ್ತದೋ ಗೊತ್ತಿರುವ ಮಾತೇ ಇಲ್ಲ.

1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಮ್ಮ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರು ಕೂಡ ಹೆರ್ನ್‌ಹುಟ್ಟಿನಂಥದೇ ಭಕ್ತಿಪಂಥದ ನೆಲದಲ್ಲಿ ಬೆಳೆದವರು. ಹಂಚಿನ ಕಾರ್ಖಾನೆ, ಅಚ್ಚುಕೂಟ, ಕಿಟ್ಟೆಲರ ನಿಘಂಟು ಎಲ್ಲವೂ ಅವರ ಲೆಕ್ಕದಲ್ಲಿ ಜಮೆಯಾಗಿವೆ. ಬೆಳಿಗ್ಗೆ ಒಂದು ವಚನ ಓದಿ ಹೊರಬೀಳುವ ಅಭ್ಯಾಸವನ್ನು ಯಾರೂ ಜಮೆ ಮಾಡುವುದಿಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಚಹಾಕ್ಕಿಂತ ಮೊದಲು ಬರುತ್ತಿದ್ದದ್ದು ಅದೇ.

ಹಾಗಂತ ಚೀಟಿಯ ಮೇಲೆ ಪೂರ್ತಿ ಭಾರ ಹಾಕಿದವರ ಕಥೆಗಳೂ ಇವೆ. ಹೆರ್ನ್‌ಹುಟ್ಟಿನವರು ಒಂದು ಕಾಲಕ್ಕೆ ಮದುವೆಯನ್ನೂ ಚೀಟಿ ಎತ್ತಿಯೇ ನಿಶ್ಚಯಿಸುತ್ತಿದ್ದರು. ಆ ಗಾಳಿ ವೆಸ್ಲಿಗೂ ತಗಲಿತ್ತು. 1737ರ ಮಾರ್ಚ್ ತಿಂಗಳು, ಅಮೆರಿಕದ ಜಾರ್ಜಿಯಾ. ಸೋಫಿ ಹಾಪ್ಕಿ ಎಂಬ ಹುಡುಗಿಯ ಮೇಲೆ ಆತನಿಗೆ ಮನಸ್ಸಾಗಿತ್ತು, ಹೇಳಿಕೊಳ್ಳುವ ಧೈರ್ಯ ಸಾಲದು. ಗೆಳೆಯನೊಂದಿಗೆ ಕೂತು ಪ್ರಾರ್ಥನೆ ಮಾಡಿ ಮೂರು ಚೀಟಿ ಬರೆದ. ಮದುವೆಯಾಗು ಎಂದು ಒಂದು, ಈ ವರ್ಷ ಅದರ ಯೋಚನೆ ಬೇಡ ಎಂದು ಇನ್ನೊಂದು, ಇನ್ನೆಂದೂ ಬೇಡ ಎಂದು ಮೂರನೆಯದು. ಗೆಳೆಯ ಎತ್ತಿದ್ದು ಮೂರನೆಯದನ್ನು. ವಾರ ಕಳೆದ ಕೂಡಲೇ ಸೋಫಿ ಬೇರೊಬ್ಬನನ್ನು ಮದುವೆಯಾದಳು. ಅವಳೂ ಚೀಟಿ ಎತ್ತಿದ್ದಳೇ ಎಂಬುದನ್ನು ಯಾವ ಚರಿತ್ರೆಯೂ ಹೇಳುವುದಿಲ್ಲ. ಪ್ರಾಯಶಃ ಕಾದು ಕಾದು ಬೇಸತ್ತಿದ್ದಳು. ಬಾಯಿಬಿಟ್ಟು ಕೇಳಬೇಕಾದ್ದನ್ನು ಚೀಟಿಯ ಹತ್ತಿರ ಕೇಳಿದರೆ ಹೀಗೇ ಆಗುತ್ತದೆ.

ವಚನವೊಂದರ ಇನ್ನೊಂದು ಕಥೆಗೆ ನಾನು ಮತ್ತೆ ಮತ್ತೆ ಮರಳುತ್ತೇನೆ. 1939ರ ಜೂನ್‌ನಲ್ಲಿ ಜರ್ಮನಿಯ ಪಾದ್ರಿ ಡೀಟ್ರಿಖ್ ಬೋನ್‌ಹೋಫರ್ ನ್ಯೂಯಾರ್ಕಿನಲ್ಲಿದ್ದ. ಹಿಟ್ಲರನ ಕೈಗೆ ಸಿಗದಿರಲಿ ಎಂದು ಗೆಳೆಯರು ಕರೆಸಿಕೊಂಡಿದ್ದರು. ಕೆಲಸ ಸಿದ್ಧವಿತ್ತು, ಕೋಣೆ ಸಿದ್ಧವಿತ್ತು. ಆತನ ಮನಸ್ಸಿಗೆ ಮಾತ್ರ ನೆಮ್ಮದಿಯಿಲ್ಲ. ಜೂನ್ 26ರಂದು ಓದಿದ ವಚನ, ಸೆರೆಮನೆಯಲ್ಲಿದ್ದ ಪೌಲ ತಿಮೊಥೆಯನಿಗೆ ಚಳಿಗಾಲಕ್ಕೆ ಮೊದಲೇ ಹೊರಟು ಬಾ ಎಂದು ಬರೆದದ್ದು. ಅದು ಇಡೀ ದಿನ ಬೆನ್ನು ಬಿಡಲಿಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡ. ಜುಲೈಯಲ್ಲಿ ಹಡಗು ಹತ್ತಿದ. 1945ರ ಏಪ್ರಿಲ್ 9ರಂದು ನಾಜಿಗಳು ಆತನನ್ನು ಗಲ್ಲಿಗೇರಿಸಿದರು.

ಪ್ರಸಂಗಗಳಲ್ಲಿ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ: ವಚನ ಬಂತು, ಆತ ಹೊರಟ. ದಿನಚರಿಯ ತಾರೀಖು ನೋಡಿದರೆ ಬೇರೆಯೇ ಇದೆ. ಆ ಕೆಲಸ ನನಗೆ ಬೇಡ, ಮರಳಿ ಹೋಗುತ್ತೇನೆ ಎಂದು ಆತ ಹೇಳಿದ್ದು ಜೂನ್ 20ಕ್ಕೆ. ವಚನ ಬಂದದ್ದು ಆರು ದಿನ ತಡವಾಗಿ. ದಾರಿಯನ್ನು ಆತ ತಾನೇ, ಬೆವರಿ, ಹೆದರಿ ಆರಿಸಿಕೊಂಡಿದ್ದ. ವಚನ ಬಂದು ಆ ದಾರಿಯಿಂದ ಹೊರಳದಂತೆ ಹಿಡಿದುಕೊಂಡಿತು. ಪುಸ್ತಕ ತೆರೆದ ಕೂಡಲೇ ಮುಂದಿನ ರಸ್ತೆ ಕಾಣಬೇಕೆನ್ನುವವರಿಗೆ ಇದು ಸಪ್ಪೆ ಎನಿಸಬಹುದು. ನನಗೆ ಇದರಲ್ಲೇ ಹೆಚ್ಚು ಸತ್ಯ ಕಾಣುತ್ತದೆ.

ನಮ್ಮ ತಟ್ಟೆಗೆ ಬರೋಣ. ಅದರಲ್ಲಿ ಅತಿ ಹೆಚ್ಚು ಸಲ ಇರುವ ವಚನ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆಗಳು ಕೇಡಿನವಲ್ಲ, ಹಿತದವು, ನಿಮಗೆ ನಿರೀಕ್ಷೆ ಕೊಡುವಂಥವು ಎಂಬ ಅರ್ಥದ್ದು. ಕ್ಯಾಲೆಂಡರಿನಲ್ಲಿ, ಗೋಡೆಯ ಗಡಿಯಾರದಲ್ಲಿ, ಚಹಾದ ಕಪ್ಪಿನಲ್ಲಿ, ಮದುವೆ ಕರೆಯೋಲೆಯಲ್ಲಿ ಎಲ್ಲಾ ಕಡೆಯೂ ಇದೆ. ಸುತ್ತ ಸೂರ್ಯೋದಯದ ಚಿತ್ರ ಕಡ್ಡಾಯ.

ಈ ವಚನ ಇರುವುದು ಒಂದು ಪತ್ರದಲ್ಲಿ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದ ಜನರಿಗೆ ಯೆರೆಮೀಯ ಬರೆದ ಪತ್ರ. ಅವರೆಲ್ಲ ಗಂಟು ಬಿಚ್ಚದೆ ಕೂತಿದ್ದರು, ಇವತ್ತೋ ನಾಳೆಯೋ ಊರಿಗೆ ಮರಳುತ್ತೇವೆಂದು. ಹಾಗೆ ನಂಬಿಸಲು ಊರಿನಲ್ಲೇ ಒಬ್ಬ ಪ್ರವಾದಿಯಿದ್ದ, ಹನನ್ಯ. ದೇವಾಲಯದಲ್ಲಿ ಎಲ್ಲರೆದುರು ನಿಂತು ಎರಡೇ ವರ್ಷ, ಎಲ್ಲರೂ ಮರಳಿ ಬರುತ್ತಾರೆ ಎಂದು ಸಾರಿದ. ಯೆರೆಮೀಯ ಮೊದಲು ಆಮೆನ್ ಎಂದ, ಹಾಗೇ ಆಗಲಿ ಎಂದ. ಇದು ನನಗೆ ಬಹಳ ಇಷ್ಟವಾದ ಜಾಗ. ಯಾರಿಗೆ ತಾನೆ ಎರಡು ವರ್ಷ ಬೇಡ? ಆಮೇಲೆ ಹನನ್ಯ, ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿದು ಹಾಕಿದ. ಜನ ಚಪ್ಪಾಳೆ ಹೊಡೆದಿರಬೇಕು.

ಯೆರೆಮೀಯನ ಪತ್ರದಲ್ಲಿ ಇದ್ದದ್ದು ಎರಡು ವರ್ಷವಲ್ಲ, ಎಪ್ಪತ್ತು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಹಿಡಿದುಕೊಂಡು ಹೋದ ಆ ಊರಿನ ಹಿತಕ್ಕಾಗಿಯೇ ಪ್ರಾರ್ಥಿಸಿ ಎಂದ. ಇಷ್ಟೆಲ್ಲ ಹೇಳಿದ ಮೇಲೆ ಬರುವುದು ಹನ್ನೊಂದನೆಯ ವಚನ. ಎಪ್ಪತ್ತು ವರ್ಷವೆಂದರೆ ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗುವವರು. ಅವರಿಗೆ ಹೇಳಿದ ನಿರೀಕ್ಷೆ ಅದು! ನಾವು ಅದನ್ನು ಪತ್ರದಿಂದ ಕತ್ತರಿಸಿ, ಸೂರ್ಯೋದಯ ಅಂಟಿಸಿ, ಮಾರ್ಚ್ ಒಳಗೆ ಪ್ರಮೋಶನ್ ಎಂದು ಓದಿಕೊಳ್ಳುತ್ತೇವೆ. ಅಂದರೆ ಚೀಟಿಯ ಮೇಲೆ ಯೆರೆಮೀಯನ ಹೆಸರು, ಓದುವುದು ಮಾತ್ರ ಹನನ್ಯನನ್ನು.

ಧರ್ಮೋಪದೇಶಕಾಂಡದ 28ನೇ ಅಧ್ಯಾಯದ್ದೂ ಅದೇ ಪಾಡು. ನೀನು ತಲೆಯಾಗುವೆ, ಬಾಲವಾಗುವುದಿಲ್ಲ ಎಂಬಂಥ ಆಶೀರ್ವಾದಗಳು ಅಲ್ಲಿವೆ, ಮೊದಲ 14 ವಚನಗಳಲ್ಲಿ. ಆಮೇಲೆ 15ರಿಂದ 68ರ ತನಕ ಬರೀ ಶಾಪ. ಕೂಡಿಸಿದರೆ 54. ಚೀಟಿ ಅಚ್ಚು ಹಾಕುವವರ ಕತ್ತರಿ ಹದಿನಾಲ್ಕಕ್ಕೆ ನಿಲ್ಲುತ್ತದೆ.

ಒಂದು ವರ್ಷ ನಮ್ಮ ಸಭೆಗೆ ಹೊಸದಾಗಿ ಬಂದಿದ್ದ ಸಭಾಪಾಲಕರು ಅಂಗಡಿಯ ಚೀಟಿ ಬೇಡ ಎಂದು ತಾವೇ ಕೂತು ಬರೆದರು. ಎಳೆಯ ಪ್ರಾಯ, ಗಟ್ಟಿ ಅಕ್ಷರ. ಸತ್ಯವೇದದಲ್ಲಿ ಇರುವುದೆಲ್ಲ ದೇವರ ಮಾತೇ ತಾನೆ ಎಂದು ಜ್ಞಾನೋಕ್ತಿ, ಯಾಕೋಬ, ಪ್ರಸಂಗಿ ಎಲ್ಲದರಿಂದಲೂ ಆರಿಸಿದ್ದರು. ಹೊಡೆಯಿತು ಹನ್ನೆರಡು. ನಿವೃತ್ತ ಅಧಿಕಾರಿಯೊಬ್ಬರು ತಟ್ಟೆಯ ತಳದಿಂದ ಎತ್ತಿದರು. ಬಂದದ್ದು ಸೋಮಾರಿಯನ್ನು ಇರುವೆಯ ಹತ್ತಿರ ಪಾಠಕ್ಕೆ ಕಳಿಸುವ ಜ್ಞಾನೋಕ್ತಿ. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ನಮ್ಮ ಗಾಯನ ಮಂಡಳಿಯಲ್ಲಿ ದಪ್ಪ ಕಂಠದ ಅಣ್ಣ ಒಬ್ಬರಿದ್ದರು. ನಸುಕಿಗೇ ಎದ್ದು ಓಣಿಯ ತುಂಬ ಕೇಳುವ ಹಾಗೆ ಎಲ್ಲರಿಗೂ ಶುಭ ಕೋರುವುದು ಅವರ ಪದ್ಧತಿ. ಅವರಿಗೆ ಬಂದದ್ದು, ನಸುಕಿನಲ್ಲೆದ್ದು ನೆರೆಯವನನ್ನು ದೊಡ್ಡ ದನಿಯಲ್ಲಿ ಹರಸಿದರೆ ಅದು ಶಾಪದ ಲೆಕ್ಕಕ್ಕೇ ಸೇರುತ್ತದೆ ಎಂಬ ಜ್ಞಾನೋಕ್ತಿಯ 27ನೇ ಅಧ್ಯಾಯದ ಮಾತು. ಇಂಥದ್ದು ಸತ್ಯವೇದದಲ್ಲಿ ಇದೆಯೆಂದೇ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಹೆಂಗಸರ ಬೆಂಚಿನಿಂದ ಎದ್ದ ನಗು ಹೊರಗಿನ ಪಟಾಕಿಯನ್ನೂ ಮೀರಿಸಿತು. ಅಂಗಳದಲ್ಲಿ ಚೀಟಿಗಳ ಅದಲು ಬದಲು ನಡೆಯಿತು. ಜನವರಿಯ ಕಮಿಟಿಯಲ್ಲಿ ಠರಾವು ಪಾಸಾಯಿತು: ಮುಂದಿನ ವರ್ಷದಿಂದ ಮೊದಲಿನಂತೆ ಅಂಗಡಿಯಿಂದಲೇ ತರತಕ್ಕದ್ದು.

ಆ ರಾತ್ರಿ ಅವ್ವನಿಗೆ ಬಂದದ್ದು ಯೆರೆಮೀಯ 29. ಆದರೆ ಹನ್ನೊಂದಲ್ಲ, ಐದು. ಮನೆ ಕಟ್ಟಿ ವಾಸಮಾಡಿ, ತೋಟ ಮಾಡಿ ಅದರ ಫಲ ತಿನ್ನಿ ಎಂಬುದು. ನಾವು ಆಗ ಬಾಡಿಗೆಯ ಎರಡು ಕೋಣೆಯಲ್ಲಿದ್ದೆವು. ಮನೆ ಕಟ್ಟುವ ಮಾತು ದೂರ, ಬಾಡಿಗೆ ಕಟ್ಟಿದರೆ ಸಾಕಾಗಿತ್ತು. ತಮಾಷೆಯ ಚೀಟಿ ಬಂತೆಂದು ನಾನು ನಕ್ಕೆ. ಅವ್ವ ಮರುದಿನವೇ ಪರಿಚಯದವರ ಮನೆಯಿಂದ ನುಗ್ಗಿಯ ಒಂದು ಟೊಂಗೆ ತಂದು ಹಿತ್ತಲಿನಲ್ಲಿ ಊರಿದಳು.

"ಬಾಡಿಗಿ ಮನ್ಯಾಗ ಯಾರರ ಗಿಡ ಹಚ್ಚತಾರೇನವ್ವಾ?"

"ಬಾಬೆಲಿನಾಗ ಅವರದೇನು ಸ್ವಂತ ಮನಿ ಇತ್ತೇನ?"

ಅವಳು ಓದಿದವಳಲ್ಲ. ಆದರೆ ಯಾರು ಯಾರಿಗೆ, ಎಲ್ಲಿಂದ ಬರೆದ ಪತ್ರವೆಂಬುದು ಪ್ರಸಂಗ ಕೇಳಿ ಕೇಳಿ ನೆನಪಿತ್ತು. ಗಿಡ ಬಂತು. ಮಾಲಕರು ಮೊದಲು ಗೊಣಗಿದರು, ಕಾಯಿ ಬಿಟ್ಟ ಮೇಲೆ ಸುಮ್ಮನಾದರು. ಕೆಲವು ವರ್ಷ ನಾವೂ ತಿಂದೆವು, ಓಣಿಯವರೂ ತಿಂದರು. ಆಮೇಲೆ ನಾವು ಬೇರೆ ಮನೆಗೆ ಹೋದೆವು, ಗಿಡ ಅಲ್ಲೇ ಉಳಿಯಿತು. ಆ ವರ್ಷ ನನಗೆ ಬಂದಿದ್ದ ವಚನ ಯಾವುದೋ, ನೆನಪಿಲ್ಲ.

ಈಜಿಪ್ಟಿನ ಮರುಭೂಮಿಯಲ್ಲಿ ನಾಲ್ಕನೇ ಶತಮಾನದಲ್ಲಿ ಪಾಂಬೊ ಎಂಬ ಸನ್ಯಾಸಿಯಿದ್ದ. ಅವನೂ ನಮ್ಮ ಅವ್ವನ ಹಾಗೆ ಓದು ಬಾರದವನು. ಒಬ್ಬ ಹಿರಿಯರ ಹತ್ತಿರ ಕೀರ್ತನೆ ಕಲಿಯಲು ಹೋದ. ಅವರು 39ನೇ ಕೀರ್ತನೆಯ ಮೊದಲ ವಚನ ಹೇಳಿಕೊಟ್ಟರು. ನಾಲಿಗೆಯಿಂದ ಪಾಪ ಮಾಡದಂತೆ ಎಚ್ಚರವಾಗಿರುವೆನು ಎಂಬ ಭಾವದ್ದು. ಇಷ್ಟು ಸಾಕು, ಇದನ್ನು ಮಾಡಲು ಕಲಿತು ಬರುತ್ತೇನೆ ಎಂದು ಎದ್ದು ಹೋದ. ಆರು ತಿಂಗಳಾದರೂ ಸುಳಿವಿಲ್ಲ. ಸಿಕ್ಕಾಗ ಯಾಕಪ್ಪ ಬರಲಿಲ್ಲ ಎಂದರೆ ಇನ್ನೂ ಕಲಿತಾಗಿಲ್ಲ ಎಂದ. ಬಹಳ ಕಾಲದ ಮೇಲೆ ಇನ್ನೊಬ್ಬರು ಕೇಳಿದಾಗ, ಹತ್ತೊಂಬತ್ತು ವರ್ಷದಲ್ಲಿ ಕಷ್ಟಪಟ್ಟು ಒಂದಿಷ್ಟು ಸಾಧಿಸಿದ್ದೇನೆ ಎಂದನಂತೆ. ಪ್ರತಿ ಜನವರಿಗೆ ಹೊಸ ಮಾತು ಬೇಕೆನ್ನುವ ನಾವು ಅವನ ಮುಂದೆ ಸೀರೆ ಅಂಗಡಿಯಲ್ಲಿ ಎಲ್ಲವನ್ನೂ ಕೆಳಗಿಳಿಸಿ ಏನೂ ಕೊಳ್ಳದೆ ಏಳುವ ಗಿರಾಕಿಗಳು.

ಪಕ್ಕದ ಮನೆಯ ಕಾಕಾ ಅವರಿಗೆ ಈ ಆಯ್ಕೆಯ ತಾಪತ್ರಯವೇ ಇಲ್ಲ. ಅವರ ವರ್ಷಕ್ಕೆ ಹೆಸರು ಮೊದಲೇ ಇಟ್ಟಾಗಿದೆ. ಅರವತ್ತು ಸಂವತ್ಸರಗಳು ಸುತ್ತುತ್ತಿರುತ್ತವೆ, ಯಾವುದು ಬಂತೋ ಅದು. ಆ ಪಟ್ಟಿ ಮಾಡಿದವರ ಧೈರ್ಯ ಮೆಚ್ಚಬೇಕು. ನಂದನ, ವಿಜಯ, ಜಯ ಇರುವ ಪಂಕ್ತಿಯಲ್ಲೇ ದುರ್ಮುಖಿ, ದುರ್ಮತಿ, ರಾಕ್ಷಸ, ರುಧಿರೋದ್ಗಾರಿಗಳನ್ನೂ ಕೂರಿಸಿದ್ದಾರೆ. ನಡುವೆ ಯಾರ ಗೊಡವೆಗೂ ಹೋಗದ ಸಾಧಾರಣ ಎಂಬುದೊಂದು. ಕೊರೊನಾದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತ 2020ರದು ಶಾರ್ವರಿ. 2026ರ ಮಾರ್ಚ್ 19ರ ಯುಗಾದಿಯಿಂದ ಪರಾಭವ. ಇಂಥ ಹೆಸರು ನಮ್ಮ ತಟ್ಟೆಯಲ್ಲಿ ಬಂದಿದ್ದರೆ ಕಮಿಟಿ ತುರ್ತು ಸಭೆ ಕರೆಯುತ್ತಿತ್ತು.

"ಏನ್ರೀ ಕಾಕಾ, ಹೆಸರು ಕೇಳಿದ್ರ ಅಂಜಿಕಿ ಬರೋ ಹಂಗದಲ್ಲ?" ಎಂದೆ.

"ಹಿಂದಿನ ಪರಾಭವದಾಗ ನಾ ಎಸ್ಸೆಸ್ಸೆಲ್ಸಿ ಪಾಸಾದೆ, ಮಾಸ್ತರ" ಎಂದರು. "ಅದರ ಹಿಂದಿನ ವಿಶ್ವಾವಸುದಾಗ ಫೇಲಾಗಿದ್ದೆ."

ಲೆಕ್ಕ ಹಾಕಿದೆ. 1966. ಸರಿಯಾಗಿದೆ.

ನಮ್ಮ ಸಭೆಗಳಲ್ಲಿ ಈ ಡಿಸೆಂಬರಿಗೆ ಚೀಟಿ ಸಿದ್ಧ ಮಾಡುವವರಲ್ಲಿ ನನ್ನದೊಂದು ಮನವಿ. ಅಂಗಡಿಯದಾದರೂ ಸರಿ, ಕೈಬರಹದ್ದಾದರೂ ಸರಿ, ವಚನದ ಕೆಳಗೆ ಪುಸ್ತಕ, ಅಧ್ಯಾಯ, ಸಂಖ್ಯೆ ಬರೆಯುವುದನ್ನು ಬಿಡಬೇಡಿ. ನೂರು ಚೀಟಿಯಲ್ಲಿ ಹತ್ತಾದರೂ ಚುಚ್ಚುವಂಥವು ಇರಲಿ, ಜನ ಬೈದರೆ ಬೈಯಲಿ. ಎತ್ತುವವರಲ್ಲಿ ಕೇಳಿಕೊಳ್ಳುವುದು ಇಷ್ಟೆ: ಬಂದದ್ದನ್ನು ಬದಲಿಸಿಕೊಳ್ಳಬೇಡಿ, ಮನೆಗೆ ಹೋಗಿ ಆ ವಚನ ಇರುವ ಅಧ್ಯಾಯವನ್ನು ಒಮ್ಮೆ ಪೂರ್ತಿ ಓದಿ. ಯೆರೆಮೀಯ 29ರಲ್ಲಿ ಇರುವುದು 32 ವಚನಗಳು, ನಿಧಾನವಾಗಿ ಓದಿದರೂ ಹತ್ತು ನಿಮಿಷಕ್ಕೆ ಮುಗಿಯುತ್ತದೆ.